ಲಾಳಿ ಮುಟ್ಟದವರ ಓಟು

ಹೋದ ಚಳಿಗಾಲ ಮಗಳು ಸೀರೆ ಕೊಳ್ಳಬೇಕೆಂದಳು. ಅಂಗಡಿಯಲ್ಲೇಕೆ, ನೇಯುವ ಊರಿಗೇ ಹೋಗೋಣ ಎಂದು ನಾನೇ ಹಟ ಹಿಡಿದು ಬನಹಟ್ಟಿಗೆ ಕರೆದುಕೊಂಡು ಹೋದೆ. ಈಗ ಅಲ್ಲಿ ಮನೆಮನೆಗೂ ಕರೆಂಟಿನ ಮಗ್ಗ. ಆ ಗದ್ದಲದಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ನಾನು ಬಾಳುವೆ ಮಾಡಿದ ಓಣಿಯ ಗುರುತೇ ಹತ್ತಲಿಲ್ಲ. ಸೋತು ವಾಪಸು ತಿರುಗುವ ಹೊತ್ತಿಗೆ ಮೂಗಿಗೆ ಒಂದು ವಾಸನೆ ಬಡಿಯಿತು. ಜೋಳದ ಹಿಟ್ಟು ಕುದಿಸಿ, ಒಂದು ದಿನ ಇಟ್ಟು ಹುಳಿ ಬರಿಸಿದ ಗಂಜಿಯ ವಾಸನೆ. ಯಾರೋ ಏಳೆಂಟು ಮಂದಿ ಮುದುಕರು ಓಣಿಯುದ್ದ ನೂಲು ಬಿಗಿದು, ಹಳೆಯ ಪದ್ಧತಿಯಲ್ಲಿ ಕುಂಚದಿಂದ ಗಂಜಿ ಸವರುತ್ತಿದ್ದರು. ಮಗಳು ಸೆರಗನ್ನು ಮೂಗಿಗೆ ಹಿಡಿದಳು. ನಾನು ಮಾತ್ರ ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ‘ಅವ್ವಾ, ಏನಾತು?’ ಎಂದು ಅವಳು ಗಾಬರಿಯಾದಳು. ಏನೂ ಆಗಿರಲಿಲ್ಲ. ನನ್ನ ಮೊದಲ ಓಟಿನ ಚಳಿಗಾಲ ನೆನಪಾಗಿತ್ತು, ಅಷ್ಟೆ.

ಆ ಚಳಿಗಾಲಕ್ಕೆ ನನಗೆ ಇಪ್ಪತ್ತೊಂದು ತುಂಬಿ ಕೆಲವು ತಿಂಗಳಾಗಿದ್ದವು. ಓಟು ಹಾಕುವ ವಯಸ್ಸು ಆಗಷ್ಟೇ ಬಂದಿತ್ತು. ದೇಶಕ್ಕೂ ಅದೇ ಮೊದಲ ಚುನಾವಣೆ. ಅದಕ್ಕೆ ಮೂರ್ನಾಲ್ಕು ವರ್ಷ ಮೊದಲು ನಮಗೆಲ್ಲ ರಾಜರಿದ್ದರು. ಬನಹಟ್ಟಿ ಒಬ್ಬ ರಾಜರದು, ಅದಕ್ಕೆ ಅಂಟಿಕೊಂಡ ರಬಕವಿ ಇನ್ನೊಬ್ಬರದು. ಬೆಳಿಗ್ಗೆ ರಬಕವಿಗೆ ಹೋಗಿ ಒಂದು ಸೇರು ಎಣ್ಣೆ ತಂದರೆ ಪರರಾಜ್ಯದ ಪ್ರವಾಸ ಮಾಡಿ ಬಂದಂತಾಗುತ್ತಿತ್ತು. ಆಮೇಲೆ ಎಲ್ಲವೂ ಮುಂಬೈ ರಾಜ್ಯದಲ್ಲಿ ಕೂಡಿಹೋದವು. ಇನ್ನು ನಮ್ಮ ರಾಜಧಾನಿ ಮುಂಬೈ ಎಂದು ನಾನು ಹೇಳಿದಾಗ ನನ್ನ ಅತ್ತೆ ಗಂಗವ್ವನವರು ನಂಬಲಿಲ್ಲ. ‘ಸಮುದ್ರದ ದಂಡಿ ಮ್ಯಾಲ ಕುಂತವರಿಗೆ ನಮ್ಮ ಓಣಿ ಹ್ಯಾಂಗ ಕಾಣತೈತಿ?’ ಎಂದು ಕೇಳಿದ್ದರು. ಅದಕ್ಕೆ ಉತ್ತರ ಈಗಲೂ ನನಗೆ ಗೊತ್ತಿಲ್ಲ.

ನನ್ನ ತವರು ಜಮಖಂಡಿ. ಅಪ್ಪ ಅಲ್ಲಿ ಸಾಲಿಯ ಮಾಸ್ತರರಾಗಿದ್ದರಿಂದ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆವರೆಗೆ ಓದಿದ್ದೆ. ಸೇರಿದ ಮನೆ ಮಾತ್ರ ನೇಕಾರರದು. ನೆಲದಲ್ಲಿ ಕುಣಿ ತೋಡಿ ಹೂಡಿದ ಮೂರು ಮಗ್ಗ; ಮಾವ ಮಲ್ಲಪ್ಪನವರು ಒಂದರಲ್ಲಿ, ನಮ್ಮವರು ಒಂದರಲ್ಲಿ, ಮೈದುನ ಇನ್ನೊಂದರಲ್ಲಿ. ನಮ್ಮ ಓಣಿಯಲ್ಲಿ ಹೆಂಗಸರು ಮಗ್ಗದ ಕುಣಿಗೆ ಇಳಿಯುತ್ತಿರಲಿಲ್ಲ. ನಮ್ಮದು ಪಡಸಾಲೆಯಲ್ಲಿ ಕುಳಿತು ರಾಟಿ ತಿರುವಿ ಕಂಡಿಕೆಗೆ ನೂಲು ಸುತ್ತುವ ಕೆಲಸ. ಆ ಕಂಡಿಕೆ ಲಾಳಿಯ ಹೊಟ್ಟೆ ಸೇರಿ, ಲಾಳಿ ಅತ್ತಿಂದಿತ್ತ ಓಡಿದಾಗಲೇ ಸೀರೆ. ಆದರೆ ಲಾಳಿಯನ್ನು ಹೆಂಗಸು ಮುಟ್ಟಬಾರದು. ಮುಟ್ಟಿದರೆ ಮಗ್ಗಕ್ಕೆ ಕೇಡು. ದಿನಕ್ಕೆ ನೂರು ಕಂಡಿಕೆ ಸುತ್ತಿ ಕೊಡುವ ಕೈ ಅದನ್ನು ತುಂಬುವ ಕಟ್ಟಿಗೆಯ ತುಂಡನ್ನು ಮುಟ್ಟಿದರೆ ಏನಾಗುತ್ತದೆ ಎಂದು ಬಂದ ಹೊಸದರಲ್ಲಿ ನಾನು ಕೇಳಿದ್ದೆ. ‘ಮುಲ್ಕಿ ಪಾಸಾದಾಕಿ, ಸುಮ್ಮನ ಇರು’ ಎಂದು ಉತ್ತರ ಸಿಕ್ಕಿತ್ತು.

ಮಾವನವರಷ್ಟು ಒಳ್ಳೆಯ ಮನುಷ್ಯರನ್ನು ನಾನು ಕಂಡಿಲ್ಲ. ಆದರೆ ಅದು ಕುಡಿಯದಾಗಿನ ಮಾತು. ನಾನು ಮದುವೆಯಾಗಿ ಬಂದ ಮೊದಲ ವರ್ಷ ಊರ ಅಂಚಿನಲ್ಲಿ ದಾರೂ ಅಂಗಡಿ ಇತ್ತು. ಸಂಜೆ ಮಗ್ಗದ ಸದ್ದು ನಿಂತರೆ ಅತ್ತೆಯ ಮುಖ ಕಪ್ಪಿಡುತ್ತಿತ್ತು. ಒಮ್ಮೆ ಅರ್ಧ ನೇಯ್ದ ಸೀರೆಯನ್ನೇ ಮಗ್ಗದಿಂದ ಕೊಯ್ದು ಅಂಗಡಿಗೆ ಒಯ್ದವರು ಮಾವ. ಅತ್ತೆಯ ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಬಾವಿಯ ಮೆಟ್ಟಿಲಲ್ಲಿ ಬಿದ್ದೆ ಎಂದು ನನಗೆ ಹೇಳಿದ್ದರು. ಆ ಬಾವಿ ಯಾವುದೆಂದು ತಿಳಿಯಲು ನನಗೆ ಒಂದು ತಿಂಗಳೂ ಬೇಕಾಗಲಿಲ್ಲ. ಆಮೇಲೆ ಮುಂಬೈ ಸರಕಾರದ ದಾರೂಬಂದಿ ಬಂತು. ಅಂಗಡಿಗೆ ಬೀಗ ಬಿತ್ತು. ಕಳ್ಳತನದಲ್ಲಿ ಕಾಸಿ ಮಾರುವವರು ಇದ್ದೇ ಇದ್ದರು, ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಮಾವ ಮಾನಸ್ಥರು, ಕದ್ದು ಕುಡಿಯುವ ಪೈಕಿ ಅಲ್ಲ. ಹತ್ತು ದಿನ ನಡುಗುತ್ತ ಕಂಬಳಿ ಹೊದ್ದು ಮಲಗಿದರು. ಹನ್ನೊಂದನೆಯ ದಿನ ಎದ್ದು, ಸ್ನಾನ ಮಾಡಿ ಮಗ್ಗಕ್ಕೆ ಇಳಿದರು. ಅಂದಿನಿಂದ ಎರಡು ವರ್ಷ ನಮ್ಮ ಮನೆಯಲ್ಲಿ ಏರಿದ ದನಿ ಕೇಳಿಸಲಿಲ್ಲ.

ಅದೇ ಸರಕಾರ ಇನ್ನೊಂದು ಕೈಯಿಂದ ನಮ್ಮ ಕುತ್ತಿಗೆ ಹಿಡಿದಿತ್ತು. ನೂಲಿಗೆ ಕಂಟ್ರೋಲು ಬಿದ್ದಿತ್ತು. ಚೀಟಿ ಹಿಡಿದು ಸರದಿಯಲ್ಲಿ ನಿಂತರೂ ಬೇಕಾದದ್ದರ ಅರ್ಧ ನೂಲು ಸಿಗುತ್ತಿರಲಿಲ್ಲ. ಸಿಕ್ಕಿದ್ದೂ ಕೈ ಹಚ್ಚಿದರೆ ಹರಿಯುವ ಜಾತಿಯದು. ಮುಂಬೈಯ ಗಿರಣಿಗಳು ನಮ್ಮಂಥದೇ ಗೋಮಿ ಅಂಚಿನ ಸೀರೆ ನೇಯ್ದು ಅಗ್ಗಕ್ಕೆ ಸುರಿಯುತ್ತಿದ್ದವು. ತಿಂಗಳಲ್ಲಿ ಹತ್ತು ದಿನ ಮೂರೂ ಮಗ್ಗ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದವು. ನನಗಂತೂ ಸರಕಾರದ ಪಕ್ಷದ ಮೇಲೆ ಸಿಟ್ಟು ಎರಡು ಪಟ್ಟು. ನೂಲಿನದು ಒಂದು. ಕನ್ನಡಿಗರನ್ನೆಲ್ಲ ಒಂದು ಮಾಡುತ್ತೇವೆ ಎಂದು ಹೇಳಿ ಹೇಳಿ ಮುಂದೂಡುತ್ತಿದ್ದರಲ್ಲ, ಅದು ಇನ್ನೊಂದು. ಮಾವನಿಗೆ ದಿನವೂ ಪತ್ರಿಕೆ ಓದಿ ಹೇಳುವ ಕೆಲಸ ನನ್ನದು. ಓದುತ್ತ ಓದುತ್ತ ನಾನೇ ಬೈಯಲು ಶುರು ಮಾಡುತ್ತಿದ್ದೆ. ಮಾವ ಲಾಳಿ ನಿಲ್ಲಿಸಿ, ‘ನಿನ್ನ ಬೈಗಳ ಬ್ಯಾಡವ್ವಾ, ಪೇಪರಿನ್ಯಾಗಿಂದ ಅಷ್ಟ ಹೇಳು’ ಎನ್ನುತ್ತಿದ್ದರು.

ಸೀತನಿಯ ದಿನಗಳವು. ಹೊಲದ ಕಡೆಯಿಂದ ಹಸಿ ಜೋಳದ ತೆನೆ ಸುಡುವ ಹೊಗೆ ಬರುವ ಹೊತ್ತಿಗೆ ನಮ್ಮ ಓಣಿಗೆ ವಕೀಲರೊಬ್ಬರು ಬಂದರು. ಯಾವ ಪಕ್ಷಕ್ಕೂ ಸೇರದೆ ನಿಂತವರು, ಗುರುತು ಕಂದೀಲು. ಸರಕಾರದ ಪಕ್ಷದ ಗುರುತು ಏನೆಂದು ನಾನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷದ ಮೇಲೂ ಜಗಳಕ್ಕೆ ಬರುವವರಿದ್ದಾರೆ. ವಕೀಲರು ಗುಡಿಯ ಕಟ್ಟೆಯ ಮೇಲೆ ನಿಂತು ಸೊಗಸಾಗಿ ಮಾತಾಡಿದರು. ನೂಲು ನೇರವಾಗಿ ನೇಕಾರನ ಕೈಗೆ ಬರಬೇಕು ಎಂದರು. ಅಂಚಿನ ಸೀರೆಯನ್ನು ಗಿರಣಿ ಮುಟ್ಟಬಾರದು ಎಂದರು. ಕನ್ನಡದ ಸೀಮೆಗೆ ಕನ್ನಡದ ರಾಜ್ಯ ಬೇಕು ಎಂದರು. ನಾನು ಹೆಂಗಸರ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಕೊನೆಗೆ ನಗುತ್ತ, ‘ಮತ್ತ ಈ ದಾರೂಬಂದಿ ಒಂದು! ದುಡಿದ ಮೈಗೆ ಒಂದು ಗುಟುಕು ಬ್ಯಾಡ ಅನ್ನಾಕ ಇವರ್ಯಾರು? ನಾ ಆರಿಸಿ ಬಂದ್ರ ಅಂಗಡಿ ಬೀಗ ತೆಗಸತೀನಿ’ ಎಂದರು. ಗಂಡಸರಲ್ಲಿ ಕೆಲವರು ನಕ್ಕರು, ಕೆಲವರು ಶಿಳ್ಳೆ ಹಾಕಿದರು. ನನ್ನ ತೋಳನ್ನು ಯಾರೋ ಬಿಗಿಯಾಗಿ ಹಿಡಿದಂತಾಯಿತು. ತಿರುಗಿ ನೋಡಿದರೆ ಅತ್ತೆ. ಅವರು ವಕೀಲರನ್ನು ನೋಡುತ್ತಿರಲಿಲ್ಲ. ದೂರದಲ್ಲಿ ಕುಳಿತ ಮಾವನ ಮುಖ ನೋಡುತ್ತಿದ್ದರು. ಮಾವ ನಗಲಿಲ್ಲ, ಆದರೆ ತಲೆ ತಗ್ಗಿಸಿದರು.

ಎರಡು ದಿನದ ಮೇಲೆ ಓಣಿಯ ಗಂಡಸರೆಲ್ಲ ಆಣೆ ಮಾಡಿದರು. ನೇಕಾರರಿಗೆ ದೇವರಿಗಿಂತ ದೊಡ್ಡ ಆಣೆ ಲಾಳಿಯದು. ಕಂಬಳಿಯ ಮೇಲೆ ಒಂದು ಹಳೆಯ ಲಾಳಿ ಇಟ್ಟು, ವಿಭೂತಿ ಹಚ್ಚಿ, ಒಬ್ಬೊಬ್ಬರಾಗಿ ಮುಟ್ಟಿ, ‘ಕಂದೀಲ ಬಿಟ್ಟು ಬ್ಯಾರೆ ಪೆಟಿಗಿಗೆ ಹಾಕಿದ್ರ ನನ್ನ ಮಗ್ಗ ಹಾಳಾಗಲಿ’ ಎಂದು ಹೇಳಿದರು. ಮುಂದಾಳು ನಮ್ಮ ಮಾವನೇ. ಅವರ ಮನಸ್ಸಿನಲ್ಲಿ ಇದ್ದದ್ದು ನೂಲು, ಅಂಗಡಿಯಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಹೆಂಗಸರನ್ನು ಯಾರೂ ಕರೆಯಲಿಲ್ಲ. ಕರೆಯುವುದಾದರೂ ಹೇಗೆ, ಲಾಳಿ ಮುಟ್ಟುವಂತಿಲ್ಲವಲ್ಲ! ಮನೆಯ ಗಂಡಸು ಮುಟ್ಟಿದರೆ ಮನೆಯೇ ಮುಟ್ಟಿದಂತೆ ಎಂದುಕೊಂಡರು. ನಾವು ಒಳಗೆ ರೊಟ್ಟಿ ಬಡಿಯುತ್ತಿದ್ದೆವು.

ಮರುದಿನ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಐದಾರು ಹೆಂಗಸರು ಕಂಡಿಕೆ ಸುತ್ತುತ್ತ ಕುಳಿತಿದ್ದೆವು. ಅತ್ತೆ ರಾಟಿ ತಿರುವುತ್ತಲೇ ನನ್ನನ್ನು ಕೇಳಿದರು.

‘ಶಾಂತಾ, ನೀ ಓದಿದಾಕಿ. ಓಟಿನ ಚೀಟಿ ಮನಿಗೊಂದೋ, ಮಂದಿಗೊಂದೋ?’

‘ಮಂದಿಗೊಂದುರಿ ಅತ್ತಿ. ನಿಮಗೊಂದು, ಮಾವಾರಿಗೊಂದು, ನನಗೊಂದು.’

‘ಹಾಕೂ ಮುಂದ ಯಾರರ ನೋಡ್ತಾರೇನು?’

‘ಇಲ್ಲರಿ. ಪರದೆ ಕಟ್ಟಿರತಾರ. ಒಳಗ ನಾವೊಬ್ಬರ.’

‘ನಿಮ್ಮ ಮಾವನೂ ನೋಡಾಂಗಿಲ್ಲ?’

‘ರಾಜರು ಬಂದ್ರೂ ನೋಡಾಂಗಿಲ್ಲರಿ.’

ರಾಟಿ ನಿಂತಿತು. ಪಕ್ಕದ ಮನೆಯ ಬಸವ್ವ ಅತ್ತೆಯ ಮುಖ ನೋಡಿ ಹೆದರಿದಳು. ‘ಗಂಗಕ್ಕಾ, ಏನ ವಿಚಾರ ಮಾಡಾಕತ್ತಿ? ಗಂಡಸರು ಆಣಿ ಮಾಡ್ಯಾರ. ಮುರದ್ರ ಮನಿಗೆ ಛಲೋ ಅಲ್ಲಬೇ.’

‘ಆಣಿ ಮಾಡಿದವರು ಯಾರು? ಲಾಳಿ ಮುಟ್ಟಿದವರು. ನಮ್ಮನ್ನ ಯಾರು ಕರದ್ರು? ಮದಿವ್ಯಾಗಿ ಬಂದಾಗಿಂದ ಮುಟ್ಟಬ್ಯಾಡ ಅಂದಾರ, ಮುಟ್ಟಿಲ್ಲ. ಮುಟ್ಟದ ಲಾಳಿ ಆಣಿ ನಮಗ ಹ್ಯಾಂಗ ಹತ್ತತೈತಿ?’

ಓದು ಬಾರದ, ಸಹಿ ಹಾಕಲು ಬಾರದ ಆ ಹೆಂಗಸು ಇಡೀ ಓಣಿಯ ಹಿರಿಯರು ಕಟ್ಟಿದ ಬೇಲಿಯಲ್ಲಿ ಅವರೇ ಬಿಟ್ಟ ಕಂಡಿಯನ್ನು ಹುಡುಕಿ ತೆಗೆದಿದ್ದರು. ಆದರೂ ನಾನು ಸುಮ್ಮನಿರದೆ ಕೇಳಿದೆ. ‘ಅತ್ತಿ, ಮತ್ತ ನೂಲು? ನೂಲ ತಡದವರೂ ಅವರ ಅಲ್ಲೇನ್ರಿ?’

‘ನೂಲು ಬೇಕವ್ವಾ. ಯಾರು ಬ್ಯಾಡ ಅಂದಾರ? ನೂಲಿಲ್ಲ ಅಂದ್ರ ಅರ್ಧ ರೊಟ್ಟಿ ತಿಂದು ಮಲಗತೀನಿ. ಆ ಅಂಗಡಿ ತೆರದ್ರ ನಾ ಮಲಗಾಂಗ ಇಲ್ಲ.’

ಅಲ್ಲಿ ಕುಳಿತ ಎಲ್ಲರ ಮನೆಯಲ್ಲೂ ಇಂಥದೇ ಒಂದು ಬಾವಿ ಇತ್ತೆಂದು ಕಾಣುತ್ತದೆ. ಬಸವ್ವ ತಲೆ ಎತ್ತದೆ ಕಂಡಿಕೆ ಸುತ್ತತೊಡಗಿದಳು. ಹೌದು ಎಂದು ಯಾರೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು. ನನ್ನ ತಲೆಯಲ್ಲಿ ಮಾತ್ರ ಮುಗಿಯಲಿಲ್ಲ.

ಓಟಿನ ದಿನ ಊರಿಗೆ ಊರೇ ಹಬ್ಬದ ಬಟ್ಟೆ ಉಟ್ಟಿತ್ತು. ಸಾಲಿಯ ಮುಂದೆ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ನಮ್ಮ ಸಾಲನ್ನು ನೋಡಿ ನಾನು ಬೆರಗಾದೆ. ಓಣಿಯ ಕಸ ಗುಡಿಸುವ ಯಲ್ಲವ್ವ ಮುಂದೆ, ಅವಳ ಬೆನ್ನಿಗೆ ಹಳೆಯ ಸಂಸ್ಥಾನದ ಕಾರಭಾರಿಯವರ ಸೊಸೆ. ಯಲ್ಲವ್ವ ಹೆದರಿ ಪಕ್ಕಕ್ಕೆ ಸರಿದು, ‘ನೀವು ಮುಂದ ಹೋಗ್ರಿ ಬಾಯಾರ’ ಎಂದಳು. ಪೊಲೀಸ ಬಂದು, ‘ಸಾಲು ಮುರೀಬ್ಯಾಡ್ರಿ, ಹಿಂದ ಇದ್ದವರು ಹಿಂದ’ ಎಂದು ಯಲ್ಲವ್ವನನ್ನು ಮತ್ತೆ ಅವಳ ಜಾಗದಲ್ಲೇ ನಿಲ್ಲಿಸಿದ. ಅವಳು ತಾನು ನಿಂತ ನೆಲವನ್ನೇ ನೋಡಿಕೊಳ್ಳುತ್ತಿದ್ದಳು. ಕಾರಭಾರಿಯವರ ಸೊಸೆಯೂ ಸುಮ್ಮನೆ ನಿಂತಳು. ಇದಕ್ಕಿಂತ ದೊಡ್ಡ ಚಮತ್ಕಾರವನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ.

ಒಳಗೆ ಮುಧೋಳ ಕಡೆಯ ತರುಣ ಮಾಸ್ತರರೊಬ್ಬರು ಯಾದಿ ಹಿಡಿದು ಕುಳಿತಿದ್ದರು. ಪ್ರತಿ ಹೆಂಗಸಿಗೂ, ‘ಗಂಡನ ಹೆಸರು?’ ಎಂದು ಕೇಳುತ್ತಿದ್ದರು. ಗಂಡನ ಹೆಸರನ್ನು ಹಾಗೆ ಬಾಯಿಬಿಟ್ಟು ಹೇಳುವ ಹೆಂಗಸು ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ಮೊದಲಿನವಳು ಸೆರಗು ಕಚ್ಚಿಕೊಂಡು ನಿಂತಳು. ಎರಡನೆಯವಳು ಗೋಡೆ ನೋಡಿದಳು. ಸಾಲು ಅಲ್ಲಾಡಲಿಲ್ಲ. ಮಾಸ್ತರರು ಬೆವರಿದರು. ಆಗ ಅತ್ತೆ ಮುಂದೆ ಬಂದು, ಮದುವೆಯಲ್ಲಿ ಹೊಸ್ತಿಲ ಮೇಲೆ ನಿಂತು ಹೇಳುವಂತೆ ಒಡಪು ಕಟ್ಟಿಯೇಬಿಟ್ಟರು.

‘ಹದಿನೆಂಟು ಮೊಳದ ಸೀರಿ, ಎರಡೂ ಬದಿ ಗೋಮಿ ದಡಿ,
ಮಲ್ಲಪ್ಪನವರ ಹೆಸರು ಹೇಳೀನಿ, ಮಾಸ್ತರ, ಜಲ್ದಿ ಮಾಡಿ!’

ಸಾಲಿನ ತುಂಬ ನಗು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಕಟ್ಟು ಬಿಚ್ಚಿದಂತಾಗಿ ಎಲ್ಲರೂ ಒಂದೊಂದು ಒಡಪು ಹೊಸೆಯತೊಡಗಿದರು. ಮಾಸ್ತರರು ತಲೆಯ ಮೇಲೆ ಕೈ ಹೊತ್ತರು, ಆದರೆ ಗುರುತು ಹಾಕುತ್ತ ಹೋದರು. ನನ್ನ ಸರದಿ ಬಂದಾಗ, ಮುಲ್ಕಿ ಪಾಸಾದ ನಾನು ನೇರವಾಗಿ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ.

‘ಮುಲ್ಕಿ ಓದಿ ಮೆರೆದಿದ್ದೆ ಜಮಖಂಡಿ ತವರಾಗ,
ಈರಪ್ಪನವರ ಹೆಸರು ಹೇಳೀನಿ ಸಾಲಿ ಪಡಸಾಲ್ಯಾಗ.’

ಬೆರಳಿಗೆ ಶಾಯಿ ಹಚ್ಚಿ ಚೀಟಿ ಕೊಟ್ಟರು. ದೆಹಲಿಯ ಸಭೆಗೊಂದು, ಮುಂಬೈಯ ಸಭೆಗೊಂದು ಓಟು ಇತ್ತು. ನಾನು ಹೇಳುತ್ತಿರುವುದು ಮುಂಬೈಯ ಚೀಟಿಯ ಮಾತು. ಕಂಬಳಿ ಕಟ್ಟಿದ ಮರೆಯ ಹಿಂದೆ ಹೋದೆ. ಮೇಜಿನ ಮೇಲೆ ಸಾಲಾಗಿ ಕಬ್ಬಿಣದ ಪೆಟ್ಟಿಗೆಗಳು, ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು, ಮೇಲೆ ಅವರವರ ಗುರುತಿನ ಚಿತ್ರ. ನನಗಿಂತ ಮೊದಲು ಬಂದ ಯಾವಳೋ ಪುಣ್ಯಾತ್ಗಿತ್ತಿ ಎಲ್ಲ ಪೆಟ್ಟಿಗೆಗಳಿಗೂ ಕುಂಕುಮ ಹಚ್ಚಿ ಒಂದೊಂದು ಚೆಂಡುಹೂವು ಇಟ್ಟಿದ್ದಳು. ಯಾರಿಗೂ ಬೇಜಾರಾಗಬಾರದೆಂದು ಇರಬೇಕು.

ಅಲ್ಲಿ ನಾನೊಬ್ಬಳೇ ಇದ್ದೆ. ಹುಟ್ಟಿದಂದಿನಿಂದ ನಾನು ಒಬ್ಬಳೇ ಇದ್ದದ್ದು ಅದೇ ಮೊದಲೋ ಏನೋ. ವರನನ್ನು ಅಪ್ಪ ಆರಿಸಿದ್ದರು, ಉಟ್ಟ ಸೀರೆಯನ್ನು ಅತ್ತೆ ಆರಿಸಿದ್ದರು, ಬೆಳಿಗ್ಗೆ ಮಾಡುವ ಪಲ್ಯವನ್ನು ಸಹ ಮಾವನ ಬಾಯಿಯ ರುಚಿ ಆರಿಸುತ್ತಿತ್ತು. ಈಗ ನನ್ನ ಕೈಯಲ್ಲಿ ಒಂದು ಚೀಟಿ. ಇದನ್ನು ಎಲ್ಲಿ ಹಾಕಿದರೂ ಮುಂಬೈಯಲ್ಲಿ ಕುಳಿತವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನನ್ನ ಕೈ ಮೊದಲು ಹೋದದ್ದು ಕಂದೀಲಿನ ಕಡೆಗೇ. ನೂಲಿಗೂ ಹೌದು, ಕನ್ನಡಕ್ಕೂ ಹೌದು, ನನ್ನ ಮನಸ್ಸು ಅಲ್ಲೇ ಇತ್ತು. ಹತ್ತು ಮಾತಿನಲ್ಲಿ ಒಂಬತ್ತು ಅವರವೇ ಸರಿ. ಆದರೆ ಹತ್ತನೆಯದು ಅತ್ತೆಯ ಮಣಿಕಟ್ಟು. ಸರಕಾರದ ಪಕ್ಷದ ಒಂಬತ್ತು ತಪ್ಪನ್ನು ಒಪ್ಪಿಕೊಳ್ಳದೆ ಅವರು ಮಾಡಿದ ಒಂದು ಒಳ್ಳೆಯದನ್ನು ಮಾತ್ರ ಒಪ್ಪಿಕೊಳ್ಳಲು ಅಲ್ಲಿ ಬೇರೆ ಪೆಟ್ಟಿಗೆ ಇರಲಿಲ್ಲ. ಚೀಟಿಯನ್ನು ಅರ್ಧ ಹರಿದು ಹಾಕುವಂತಿದ್ದರೆ ಹಾಗೇ ಮಾಡುತ್ತಿದ್ದೆ. ಹೊರಗಿನಿಂದ ಮಾಸ್ತರರು, ‘ಬಾಯಾರ, ಆತೇನ್ರಿ?’ ಎಂದರು. ಕಣ್ಣು ಮುಚ್ಚಿ, ಅಲ್ಲ, ಕಣ್ಣು ತೆರೆದೇ ಸರಕಾರದ ಪೆಟ್ಟಿಗೆಗೆ ಹಾಕಿದೆ. ಹೊರಗೆ ಬಂದೆ. ಅತ್ತೆ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಣಿಕೆಯಾಯಿತು. ಸರಕಾರದ ಪಕ್ಷದವರು ಆರಿಸಿ ಬಂದರು. ಅದಕ್ಕೆ ಓಣಿಯವರು ಅಷ್ಟು ಸಿಟ್ಟಾಗಲಿಲ್ಲ. ನಮ್ಮ ಸಾಲಿಯ ಪೆಟ್ಟಿಗೆಗಳಲ್ಲಿಯೇ ಸರಕಾರದ ಕಡೆಗೆ ರಾಶಿ ಓಟು ಬಿದ್ದಿವೆ ಎಂದು ಎಣಿಕೆಗೆ ಹೋಗಿದ್ದ ವಕೀಲರ ಕಡೆಯವರು ಬಂದು ಹೇಳಿದರು ನೋಡಿ, ಆಗ ಬೆಂಕಿ ಹತ್ತಿತು. ಲಾಳಿ ಮುಟ್ಟಿ ಸುಳ್ಳು ಹೇಳಿದವರು ಯಾರು? ಸೀರೆಯ ಎಳೆ ಎಳೆ ಎಣಿಸಬಲ್ಲ ಆ ಗಂಡಸರಿಗೆ ತಮ್ಮ ಮನೆಯಲ್ಲೇ ಇನ್ನೊಂದು ಓಟು ಇದೆ ಎಂಬ ಲೆಕ್ಕ ಹೊಳೆಯಲಿಲ್ಲ. ಗುಮಾನಿ ಹೋಗಿ ದುಂಡಪ್ಪನ ಮೇಲೆ ಕುಳಿತಿತು. ದುಂಡಪ್ಪ ಓಣಿಯ ತುದಿಮನೆಯವನು, ಒಂದೇ ಮಗ್ಗದ ಬಡವ. ಅವನ ಹೆಂಡತಿಯ ಅಣ್ಣ ಮಹಾಲಿಂಗಪುರದಲ್ಲಿ ಸರಕಾರದ ಪಕ್ಷದ ಪರವಾಗಿ ತಿರುಗುತ್ತಿದ್ದ. ಚುನಾವಣೆಯ ಹಿಂದಿನ ವಾರ ಬಂದು ಊಟ ಮಾಡಿ ಹೋಗಿದ್ದ. ಅಷ್ಟು ಸಾಕಾಯಿತು. ಅವನೇ ನಾಲ್ಕು ಮನೆಯವರನ್ನು ಒಳಗಿಂದೊಳಗೆ ತಿರುಗಿಸಿದ್ದಾನೆ ಎಂದು ನಿಶ್ಚಯವಾಯಿತು. ದುಂಡಪ್ಪ ಅತ್ತು ಹೇಳಿದ, ಮಗುವಿನ ತಲೆ ಮುಟ್ಟಿ ಹೇಳಿದ. ‘ಇನ್ನ ನಿನ್ನ ನೂಲಿಗೆ ಯಾರೂ ಕೈ ಹಚ್ಚಾಂಗಿಲ್ಲ’ ಎಂದು ತೀರ್ಪಾಯಿತು.

ಅದು ಎಂಥ ಶಿಕ್ಷೆ ಎಂಬುದು ನೇಕಾರರಿಗೆ ಗೊತ್ತು. ಮಗ್ಗಕ್ಕೆ ಏರಿಸುವ ಉದ್ದ ನೂಲಿಗೆ, ಎಳೆ ಗಟ್ಟಿಯಾಗಲೆಂದು, ಗಂಜಿ ಕೊಡುವುದು ಒಬ್ಬರ ಕೆಲಸವಲ್ಲ. ಬೆಳಿಗ್ಗೆ ಓಣಿಯುದ್ದ ನೂಲು ಬಿಗಿದು, ಎಂಟು ಹತ್ತು ಮಂದಿ ಎರಡೂ ಬದಿಗೆ ನಿಂತು, ಬಿಸಿಲು ಏರುವುದರೊಳಗೆ ಕುಂಚ ಎಳೆದು ಎಳೆ ಎಳೆ ಬಿಡಿಸಬೇಕು. ತಡವಾದರೆ ಎಳೆಗಳು ಒಂದಕ್ಕೊಂದು ಕಚ್ಚಿ ಇಡೀ ನೂಲು ಹಗ್ಗವಾಗುತ್ತದೆ. ಆ ಬರಗಾಲದ ನೂಲು ಹಾಳಾದರೆ ದುಂಡಪ್ಪನಿಗೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ.

ಆದರೂ ಅವನು ನೂಲು ಬಿಗಿದ. ಯಾರಾದರೂ ಒಬ್ಬರ ಮನಸ್ಸು ಕರಗೀತೆಂದು ಇರಬಹುದು. ಆ ಬೆಳಿಗ್ಗೆ ಅವನು ಒಂದು ಬದಿ, ಹೆಂಡತಿ ಸಂಗವ್ವ ಇನ್ನೊಂದು ಬದಿ ಓಡೋಡಿ ಕುಂಚ ಎಳೆಯುತ್ತಿದ್ದರು. ಗಂಡಸರೆಲ್ಲ ತಮ್ಮ ತಮ್ಮ ಕಟ್ಟೆಯ ಮೇಲೆ ಕೈಕಟ್ಟಿ ಕುಳಿತು ನೋಡುತ್ತಿದ್ದರು. ಬಿಸಿಲು ಮಾಳಿಗೆಯಿಂದ ಇಳಿದು ನೂಲಿನ ತುದಿ ಮುಟ್ಟಿತು. ನಡುವಿನ ಎಳೆಗಳು ಕಚ್ಚತೊಡಗಿದವು. ದುಂಡಪ್ಪ ಕುಂಚ ಬಿಟ್ಟು ಬರಿಗೈಯಿಂದ ಬಿಡಿಸುತ್ತಿದ್ದ.

ನಮ್ಮ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಹಿಂದೆ ನಾನು. ಬಾಯಿ ಮುಚ್ಚಿಕೊಂಡಿದ್ದರೆ ಯಾವ ದೇವರಿಗೂ ತಿಳಿಯುವಂತಿರಲಿಲ್ಲ. ಅದೇ ಅಲ್ಲವೇ ಆ ಪರದೆಯ ಸೊಗಸು! ಅತ್ತೆ ಒಳಗೆ ಹೋಗಿ ಗೂಟದ ಮೇಲಿದ್ದ ಮಾವನ ಕುಂಚ ತಂದರು. ಕಟ್ಟೆ ಇಳಿದರು. ಹೆಂಗಸು ಗಂಜಿ ಕುದಿಸಬೇಕು, ಓಣಿಗಿಳಿದು ಕುಂಚ ಹಿಡಿಯಬಾರದು, ಸಂಗವ್ವನಿಗೇನೋ ಗತಿಯಿರಲಿಲ್ಲ. ಅತ್ತೆ ಓಣಿಯ ನಡುವೆ ನಿಂತು, ಸೆರಗು ಬಿಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು.

‘ದುಂಡಪ್ಪ ಹಾಕಿಲ್ಲ. ಸರಕಾರದ ಪೆಟಿಗಿಗೆ ಹಾಕಿದಾಕಿ ನಾನು. ನಾ ನಿಮ್ಮ ಲಾಳಿ ಮುಟ್ಟಿದ್ದಿಲ್ಲ.’

ಅತ್ತೆ ಅಷ್ಟರಲ್ಲಾಗಲೇ ನೂಲಿಗೆ ಕುಂಚ ಹಚ್ಚಿಯಾಗಿತ್ತು. ನನ್ನ ಕಾಲುಗಳು ತಾವೇ ಇಳಿದವು. ‘ನಾನೂ ರೀ’ ಎಂದೆ. ದನಿ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಎದುರು ಕಟ್ಟೆಯ ಮೇಲೆ ನಮ್ಮವರು ಕುಳಿತಿದ್ದರು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹಿಂದೆ ಬಳೆ ಸದ್ದಾಯಿತು. ಬಸವ್ವ. ‘ನಾನೂ ಹಾಕೀನಿ’ ಎಂದಳು, ಅಳುತ್ತ. ಮತ್ತೊಂದು ಬಾಗಿಲು, ಮತ್ತೊಬ್ಬಳು. ಒಬ್ಬೊಬ್ಬರಾಗಿ ಬಂದು ನೂಲಿನ ಎರಡೂ ಬದಿಗೆ ನಿಂತರು. ಹೇಳಿದವರು ಕೆಲವರು, ಹೇಳದೆ ಕೈ ಹಚ್ಚಿದವರು ಹಲವರು. ಇಷ್ಟು ಮಂದಿ ಇದ್ದೆವೆಂದು ನಮಗೇ ಗೊತ್ತಿರಲಿಲ್ಲ. ಸಂಗವ್ವ ಮಾತ್ರ ಕಣ್ಣರಳಿಸಿ, ‘ಅಯ್ಯ, ನಾ ಒಬ್ಬಾಕಿನ ಕಂದೀಲಿಗೆ ಹಾಕಿದೆನೇನಬೇ?’ ಎಂದಳು. ಆ ಗಳಿಗೆಯಲ್ಲೂ ನಮಗೆ ನಗು ತಡೆಯಲಾಗಲಿಲ್ಲ.

ಒಬ್ಬ ಹಿರಿಯರು ಕಟ್ಟೆಯಿಂದ ಗುಡುಗಿದರು. ‘ಮಲ್ಲಪ್ಪಾ, ನಿನ್ನ ಹೇಣತಿ ಮಂದಿ ಮಾನ ಕಳದಾಳ. ಯಾಕ ಹಾಕಿದಳಂತ ಕೇಳು!’

ಮಾವ ಎದ್ದರು. ನನಗೆ ಆ ಹಳೆಯ ಸಂಜೆಗಳು ನೆನಪಾಗಿ ಕೈ ನಿಂತಿತು. ಅವರು ನಿಧಾನವಾಗಿ ಇಳಿದು ಬಂದು ಅತ್ತೆಯ ಎದುರು ಬದಿಗೆ ನಿಂತರು. ಅತ್ತೆಯ ಸೊಟ್ಟ ಕೈಗೆ ಕುಂಚ ಎಳೆಯಲು ಬಲ ಸಾಲುತ್ತಿರಲಿಲ್ಲ. ಮಾವ ಅದನ್ನು ನೋಡಿದರು. ಕಚ್ಚಿದ ಎಳೆಗಳೊಳಗೆ ಬೆರಳಿಟ್ಟು ಬಿಡಿಸುತ್ತ, ತಲೆ ಎತ್ತದೆ, ‘ಆಕಿನ್ನ ಏನ ಕೇಳೂದು? ಯಾಕ ಹಾಕ್ಯಾಳ ನನಗ ಗೊತ್ತೈತಿ. ಯಾರೂ ಕೇಳಬ್ಯಾಡ್ರಿ’ ಎಂದರು.

ಆಮೇಲೆ ಗಂಡಸರು ಒಬ್ಬೊಬ್ಬರಾಗಿ ಇಳಿದರು. ನಮ್ಮವರು ಬಂದು ನನ್ನ ಕೈಯಿಂದ ಕುಂಚ ಇಸಿದುಕೊಂಡು, ‘ಹಿಂಗಲ್ಲ, ಹಿಂಗ ಎಳೀಬೇಕು’ ಎಂದು ಬೈದರು. ಆ ಬೈಗುಳಕ್ಕೆ ನನ್ನ ಕಣ್ಣು ತುಂಬಿತು. ದುಂಡಪ್ಪನ ನೂಲು ಉಳಿಯಿತು.

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಎಷ್ಟೋ ದಿನಗಳಾಗಿದ್ದವು. ಇನ್ನೂ ಚಳಿ ಪೂರ್ತಿ ಹೋಗಿರಲಿಲ್ಲ. ನೂಲಿನ ಕೊರತೆ ಮೊದಲಿಗಿಂತ ಹೆಚ್ಚಾಯಿತು. ಆರಿಸಿ ಬಂದವರು ಜಮಖಂಡಿಯ ಮಾಮಲೇದಾರ ಕಚೇರಿಗೆ ಬರುತ್ತಾರೆಂದು ಸುದ್ದಿ ಬಂತು. ಹೋಗಿ ಕೇಳೋಣ ಎಂದು ಗಂಡಸರು ಸೇರಿದರು. ಆದರೆ ಯಾವ ಮುಖ ಹೊತ್ತು ಹೋಗುವುದು? ಓಟು ಹಾಕದವರ ಮಾತನ್ನು ಅವರೇಕೆ ಕೇಳುತ್ತಾರೆ? ಬಹಳ ಹೊತ್ತು ಗೊಣಗಾಡಿದ ಮೇಲೆ ಮಾವ ಒಳಬಾಗಿಲ ಕಡೆ ತಿರುಗಿ, ‘ಹಾಕಿದವರು ಮುಂದ ನಡೀರಿ. ನಾವು ಹಿಂದ ಬರತೀವಿ’ ಎಂದರು.

ಎರಡು ಬಂಡಿ ಕಟ್ಟಿ ನಸುಕಿನಲ್ಲಿ ಹೊರಟೆವು. ಕಚೇರಿಯ ಪಡಸಾಲೆಯಲ್ಲಿ ಆರಿಸಿ ಬಂದವರು ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಸುತ್ತ ಅಧಿಕಾರಿಗಳು. ಅತ್ತೆ ನೇರವಾಗಿ ಅವರ ಎದುರು ಹೋಗಿ ನಿಂತರು. ನಾವೆಲ್ಲ ಅವರ ಬೆನ್ನಿಗೆ, ಗಂಡಸರು ನಮ್ಮ ಬೆನ್ನಿಗೆ. ನಾವು ಬನಹಟ್ಟಿಯ ಹೆಂಗಸರು, ನಿಮಗೇ ಓಟು ಹಾಕಿದ್ದೇವೆ ಎಂದು ಅತ್ತೆ ಹೇಳಿದಾಗ ಅವರ ಮುಖ ಅರಳಿತು. ‘ನಿಮ್ಮಂಥಾ ತಾಯಂದಿರು ನಮ್ಮ ಪಕ್ಷ ಮೆಚ್ಚಿದ್ರಲ್ಲ, ಭಾಳ ಸಂತೋಷ ಆತು’ ಎಂದು ಕೈ ಮುಗಿದರು.

‘ಮೆಚ್ಚಿಲ್ಲರಿ’ ಎಂದರು ಅತ್ತೆ. ‘ಓಟು ಹಾಕೀವಿ, ಮೆಚ್ಚಿಲ್ಲ. ದಾರೂ ಅಂಗಡಿ ಮುಚ್ಚೀರಿ, ಅದಕ್ಕ ಹಾಕೀವಿ. ನೂಲ ತಡದೀರಿ, ಅದಕ್ಕ ಬೈಯಾಕ ಬಂದೀವಿ.’

ಮಾಮಲೇದಾರರು ತಲೆ ತಗ್ಗಿಸಿ ಕಾಗದ ನೋಡತೊಡಗಿದರು. ನೂಲು ಬಂತೇ ಎಂದು ಕೇಳಿದರೆ, ಬಂತು, ತಡವಾಗಿ, ಕೇಳಿದ್ದಕ್ಕಿಂತ ಕಡಿಮೆಯಾಗಿ. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ನೂಲಲ್ಲ. ಅದೇ ಜಮಖಂಡಿಯಲ್ಲಿ, ನಾನು ಸಾಲಿಗೆ ಹೋಗುವಾಗ, ರಾಜರ ಮೋಟಾರು ಬಂದರೆ ನಾವು ಹುಡುಗಿಯರು ರಸ್ತೆಯಂಚಿಗೆ ಸರಿದು ತಲೆಬಾಗಿ ನಿಲ್ಲುತ್ತಿದ್ದೆವು. ಅತ್ತೆಯ ಮಾತು ಮುಗಿದ ಮೇಲೆ ಆ ಕುರ್ಚಿಯಲ್ಲಿದ್ದವರು ಕೊರಳ ಹಾರ ತೆಗೆದಿಟ್ಟು, ಎದ್ದು ನಿಂತು, ‘ಹೇಳ್ರಿ ತಾಯಿ’ ಎಂದರು.